ಹನ್ನೆರಡಿದ್ದದ್ದು ನಾಕಾದದ್ದು

ಗೋಳಗುಮ್ಮಟ ಬ್ಯಾಡ, ಅಂದಿದ್ದರು ಹಳ್ಳೂರ ಮೇಡಂ,
ಅದಕ್ಕ ದಿನಾ ನೂರಾರು ಕ್ಯಾಮರಾ ಬೀಳ್ತಾವ.
ಯಾರೂ ಹಿಡಿಯದ್ದನ್ನ ಹಿಡಕೊಂಡು ಬರ್ರಿ,
ಐದೇ ನಿಮಿಷ, ಒಂದು ಸೆಕೆಂಡೂ ಹೆಚ್ಚಿಗಿಲ್ಲ.

ಹಂಗಾಗಿ ಜೋರಾಪುರ ಪೇಟೆಯ ಓಣಿಯೊಳಗೆ
ಶಾವಂತ್ರವ್ವನ ರೊಟ್ಟಿ ಕೇಂದ್ರಕ್ಕೆ ಹೋದೆವು ಮೂವರು.
ಜಾಹೀದಾಳ ಅಣ್ಣನ ಫೋನು.
ನೀಲಗಂಗಾ ಹೊತ್ತು ತಂದ ಸ್ಟ್ಯಾಂಡು,
ಅದರ ಮೋಟುಗಾಲಿಗೆ ಇಟ್ಟಿಗೆಚೂರಿನ ಆಸರೆ.
ಕಾಲೇಜಿಗಿದ್ದ ಒಂದೇ ಮೈಕು ನನ್ನ ಕೈಯಲ್ಲಿ,
ಗಾಳಿ ಬಡಿಯದಂತೆ ಅದರ ತಲೆಗೆ
ನಮ್ಮವ್ವನ ಹಳೇ ಕಾಲುಚೀಲ.

ಮೊದಲ ದಿನ ತಿಳಿದದ್ದು:
ಬೆಳಕಿಗೆ ಬೆನ್ನು ಮಾಡಿ ಕೂಡಿಸಿದರೆ
ಎಂಥ ಮುಖವೂ ಹಂಚಿನ ತಳ.
ಒಲೆಯ ಹೊಗೆಗೆ ಲೆನ್ಸಿಗೂ ಕಣ್ಣೀರು ಬರುತ್ತದೆ.
ಝೂಮಿಗೆ ಆಸೆಪಡಬಾರದು,
ಹತ್ತಿರ ಬೇಕಾದರೆ ಹತ್ತಿರ ಹೋಗಬೇಕು.

ಕ್ಲಾಪಿನ ಹಲಗೆ ನಮ್ಮಲ್ಲಿ ಇರಲಿಲ್ಲ.
ಚಿತ್ರ ಫೋನಿನಲ್ಲಿ, ಸದ್ದು ಬೇರೆ ಪೆಟ್ಟಿಗೆಯಲ್ಲಿ,
ಎರಡನ್ನೂ ಗಂಟು ಹಾಕುವುದು ಹೆಂಗ ಅಂತ ನಾವು ಜಗಳಾಡುವಾಗ
ಶಾವಂತ್ರವ್ವ ಹಿಟ್ಟಿನುಂಡೆಯ ಮೇಲೆ
ಮೊದಲ ಏಟು ಹಾಕಿದಳು. ಪಟ್.
ಅದೇ, ಅಂದಳು ಜಾಹೀದಾ. ಅದೇ ಕ್ಲಾಪು.

ಒಂದನೇ ಟೇಕಿಗೆ ಟಾಂಗಾದ ಗೆಜ್ಜೆ ಅಡ್ಡ ಬಂತು.
ಎರಡಕ್ಕೆ ನೀರಿನ ಟ್ಯಾಂಕರು.
ಮೂರಕ್ಕೆ ಅಜಾನ್; ಅದು ಮುಗಿಯೂತನಕ
ದುಪಟ್ಟಾ ತಲೆಗೆಳೆದು ನಿಂತಳು ಜಾಹೀದಾ,
ಬೆರಳು ಮಾತ್ರ ಕೆಂಪು ಬಟನ್ನಿನ ಹತ್ತಿರವೇ.
ನಾಲ್ಕಕ್ಕೆ ನಾನೇ ಕೆಮ್ಮಿದೆ.
"ಇನ್ನೊಮ್ಮೆ ಅಂತೀರಿ, ಮತ್ತ ಇನ್ನೊಮ್ಮೆ ಅಂತೀರಿ,
ಬೆಂದದ್ದನ್ನ ತಿರುಗಿ ಹಿಟ್ಟು ಮಾಡಾಕ ಬರ್ತೈತೇನವಾ?"
ಹರಿದದ್ದು, ಸೀದದ್ದು, ಉಬ್ಬಿ ಸರಿಹೋದದ್ದು,
ಪುಂಡಿಪಲ್ಲೆ ಶೇಂಗಾಹಿಂಡಿ ಹಚ್ಚಿಕೊಂಡು
ಎಲ್ಲಾ ಟೇಕುಗಳನ್ನೂ ನಾವೇ ತಿಂದೆವು.

ಹೊರಡುವಾಗ ನೆನಪಾಯಿತು ಮೇಡಂ ಹೇಳಿದ್ದು:
ಸುಮ್ಮನಿರುವ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಹಿಡೀರಿ,
ಕತ್ತರಿ ಆಡಿದಲ್ಲಿ ತೇಪೆಗೆ ಬೇಕಾಗ್ತೈತಿ.
"ಆಯೀ, ಮೂವತ್ತು ಸೆಕೆಂಡು ಏನೂ ಮಾಡಬಾರದು."
"ಏನೂ ಅಂದ್ರ?"
"ಏನೂ. ಕೈ ಸುಮ್ಮಕಿರಬೇಕು."
ನಕ್ಕಳು. ಹಿಟ್ಟು ಮೆತ್ತಿದ ಎರಡೂ ಕೈ
ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಳು.
ಒಲೆಯಲ್ಲಿ ಕೆಂಡ ಚಿಟಿಲ್ ಅಂತು.
ಯಾರ ಮನೆಯದೋ ನಲ್ಲಿ.
ಬ್ಯಾಟರಿ ಉಳಿಸಲು ಫೋನು ಆರಿಸಿದ್ದೆವು.

ಆಮೇಲಿನದು ಲ್ಯಾಬಿನ ಮೂರನೇ ಕಂಪ್ಯೂಟರಿನ ಕತೆ,
ಕರೆಂಟು ಹೋಗುವ ಮೊದಲು ಸೇವ್ ಮಾಡುವ ಭಯ.
ನಲವತ್ತೊಂದು ತುಣುಕು.
ಸದ್ದಿನ ಗೆರೆಯಲ್ಲಿ ಆ ಮೊದಲ ಏಟು
ಡಬ್ಬಣದ ಹಾಗೆ ಎದ್ದು ನಿಂತಿತ್ತು,
ಅದಕ್ಕೆ ಚಿತ್ರ ಪೋಣಿಸಿದೆವು.
ಆಕೆಯ ಮಾತು ಚೊಕ್ಕ ಮಾಡುತ್ತ ಹೋದೆ:
ಒಂದು 'ಮತ್ತ' ಹೋಯಿತು, ಎರಡು 'ಏನಪಾ ಅಂದ್ರ',
ಮಗಳ ಹೆಸರಿನ ಮುಂದಿದ್ದ ಒಂದು ನಿಟ್ಟುಸಿರು.
"ಅದನ್ನ ವಾಪಸ್ ಹಾಕು," ನೀಲಗಂಗಾ ಬೆನ್ನ ಹಿಂದಿನಿಂದ.
ಹಾಕಿದೆ. ಎರಡು ಗುಂಡಿ ಒತ್ತಿದರೆ ಸಾಕಿತ್ತು.

ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ತೋರಿಸಿದೆವು ಆಕೆಗೆ.
ಐದು ನಿಮಿಷ ಕಣ್ಣು ಕೀಳಲಿಲ್ಲ.
ಕಾದೆವು, ಬೆಳಕಿನ ಬಗ್ಗೆ,
ಆ ಉಬ್ಬುವ ರೊಟ್ಟಿಯ ಕ್ಲೋಸಪ್ಪಿನ ಬಗ್ಗೆ ಏನಾದರೂ.
"ಬುಟ್ಟ್ಯಾಗ ಹನ್ನೆರಡಿದ್ವು," ಅಂದಳು.
"ಒಲಿ ಕಡೆ ತಿರುಗಿ ನೋಡೂದ್ರಾಗ ನಾಕಾದ್ವು.
ಎಂಟು ಯಾರ್ ತಿಂದ್ರು?"
ನೂರಕ್ಕೆ ಎಪ್ಪತ್ತೆಂಟು ಕೊಟ್ಟ ಮೇಡಂ
ಇದನ್ನು ಹಿಡಿದಿರಲಿಲ್ಲ.

ನಕ್ಕು ಹೊರಬಂದೆವು. ಹೇಳದೆ ಉಳಿದದ್ದು ಒಂದು:
ಎಲ್ಲಾ ಕತ್ತರಿಗಾಯದ ಕೆಳಗೆ, ಕೇಳಿಯೂ ಕೇಳದಷ್ಟು ಸಣ್ಣಗೆ,
ಆ ಅರ್ಧ ನಿಮಿಷವನ್ನೇ ಮತ್ತೆ ಮತ್ತೆ ಹಾಸಿದ್ದೇನೆ.
ಮೇಲೆ ಆಕೆಯ ಕೈ ಬಡಿಯುತ್ತಿರುವಾಗೆಲ್ಲ
ಅಡಿಯಲ್ಲಿ ಅದೇ ಕೈ ಸುಮ್ಮನೆ ಕೂತಿದೆ.
ಅದರ ಚಿತ್ರ ನಮ್ಮ ಹತ್ತಿರ ಇಲ್ಲ.