ಮಾಳಗಿ ಬಾಡಿಗಿ

ಖಫ್ಜಿ ಊರಿನ ಕಡೀ ಓಣ್ಯಾಗ, ಸಮುದ್ರಕ್ಕ ಬೆನ್ನು ಕೊಟ್ಟು ನಿಂತ
ಮೂರಂತಸ್ತಿನ ಬಿಲ್ಡಿಂಗಿಗೆ ನಾ ಹಾರಿಸ್.
ಹಾರಿಸ್ ಅಂದ್ರ ಕಾವಲುಗಾರ, ಕಸ ಹೊಡಿಯಾವ,
ಲಿಫ್ಟ್ ಇಲ್ಲದ ಮನಿಗಳಿಗೆ ಸಿಲಿಂಡರ್ ಹೊರಾವ,
ಮಾಳಗಿ ಬಾಗಿಲದ ಬೀಗದ ಕೈ
ನಡಕ್ಕ ಕಟ್ಟಿಕೊಂಡಾವ.

ಹದಿನಾಕು ವರ್ಷ ಆ ಮಾಳಗಿ ಮ್ಯಾಲ ಏನಿತ್ತು?
ಎರಡು ನೀರಿನ ಟಾಕಿ, ತುಕ್ಕು ಹಿಡಿದ ಡಿಶ್,
ಚಟಗಾಂವದ ಮುಜಮ್ಮಿಲನ ಪಾರಿವಾಳ,
ಒಣಗಾಕ ಹಾಕಿದ ಬೆಡ್‌ಶೀಟು.
ಆಮ್ಯಾಲ ಒಂದಿನ ಗೊತ್ತಾತು,
ನೆರಳು ನಮ್ಮ ಓಣಿ ಮ್ಯಾಲೇ ಹಾಯ್ದು ಹೋಗ್ತದ ಅಂತ.
ಹೋಟೆಲ್ ಎಲ್ಲಾ ವರ್ಷದ ಹಿಂದೇ ತುಂಬ್ಯಾವಂತ.

ಮುಜಮ್ಮಿಲ ಲೆಕ್ಕ ಹಾಕಿದ: ಚಾಪಿಗೆ ಇನ್ನೂರು ರಿಯಾಲ್,
ಕುರ್ಚಿ ಬೇಕಂದ್ರ ನಲವತ್ತು ಜಾಸ್ತಿ,
ದುರ್ಬೀನಿನ ಮೂರು ಕಾಲಿಗೂ ಒಂದು ಚಾಪಿ ಜಾಗ, ಅದಕ್ಕೂ ರೊಕ್ಕ.
ಕತ್ತಲ ಇರೋದು ಮೂರು ನಿಮಿಷ ಚಿಲ್ಲರಿ.
ಸೆಕೆಂಡಿಗೆ ಒಂದು ರಿಯಾಲ್ ಬಿತ್ತು ನೋಡು, ಅಂದ.
ನನಗ ದಿನಕ್ಕ ಐವತ್ತು.

ಮಾಲೀಕ ಅಬು ಮಿಶಾಲ್ ಹ್ಯಾಂಗೋ ವಾಸನಿ ಹಿಡಿದ.
ಬೈತಾನ ಅಂದ್ಕೊಂಡಿದ್ದೆ. ನಕ್ಕು,
"ಯಾ ವೈಜು, ಅರ್ಧ ನಂದು" ಅಂದ,
ಮತ್ತ ತನ್ನ ಬೀಗರಿಗೆ ಮುಂದಿನ ಸಾಲಿನಾಗ ನಾಕು ಚಾಪಿ ಪುಕ್ಕಟೆ.

ನಮ್ಮ ಔರಾದದಾಗ ಗಿರಾಣ ಅಂದ್ರ ಬಾಗಿಲು ಹಾಕೋದು.
ಹಾಲಿನ ಗಡಗಿಗೆ ಗರಿಕಿ,
ಬಸುರಿ ಅಕ್ಕ ಕತ್ತರಿ ಮುಟ್ಟದಂಗ ಕಾವಲು,
ತಾಟಿನಾಗ ನೀರು ಹಾಕಿ ಒನಕಿ ನಿಲ್ಲಿಸಿದ್ರ ನಿಲ್ತಿತ್ತು.
ಓಣಿ ತುಂಬ ಒದರಿಕೋತ ಬರ್ತಿದ್ರು:
"ದಾನ ಕೊಡ್ರೀ, ಗಿರಾಣ ಬಿಡ್ತದ!"
ಅವ್ವ ಮೊರದಾಗ ಜೋಳ ತಂದು
ಕಣ್ಣು ಮುಚ್ಚಿಕೊಂಡೇ ಸುರೀತಿದ್ಲು.
ಅದು ಕೊಡೋ ದಿನ.
ಇಲ್ಲಿಯ ಇಮಾಮನೂ ಶುಕ್ರವಾರ ಅದನ್ನೇ ಅಂದನಂತ:
ಸೂರ್ಯ ಹಿಡಿದಾಗ ನಮಾಜು ಮಾಡ್ರಿ, ಸದಕಾ ಕೊಡ್ರಿ.
ನಾ ಮೆಟ್ಟಿಲ ಬಾಯಾಗ ಕುಂತು ರಸೀತಿ ಹರೀತಿದ್ದೆ.

ಮೂವತ್ತೊಂದು ಮಂದಿ. ಪೋಲೆಂಡಿನ ಗಂಡ ಹೆಂಡತಿ,
ತೈವಾನಿನ ಐದು ಹುಡುಗ್ರು,
ಗಾಳಿಗಿ ಟೊಪಿಗಿ ಹಿಡಕೊಂಡ ಜಪಾನಿನ ಮುದುಕಿ ಹಿಸಾಯೆ.
ಆಕಿಗೆ ಇದು ಹದಿನೇಳನೇದಂತ, ಬೆರಳು ಮಡಚಿ ತೋರಿಸಿದ್ಲು.
ನಾಕಕ್ಕ ತಂದ ರಟ್ಟಿನ ಕನ್ನಡಕ ಇಪ್ಪತ್ತಕ್ಕ ಮಾರಿದೆ.
ತಡಾ ಮಾಡಿ ಬಂದ ಒಬ್ಬಾವ ನೂರು ಹಿಡಿದ.
ನನಗಂತ ಇಟ್ಟುಕೊಂಡದ್ದು ಕಿಸೇದಾಗಿಂದ ತೆಗೆದು ಕೊಟ್ಟುಬಿಟ್ಟೆ.

ಅದಕ್ಕ ನಾ ನೆಲ ನೋಡಿದೆ.
ಟಾಕಿ ಮ್ಯಾಲಿನ ತೂತು ತಗಡಿನ ಬೆಳಕು
ಬೆಡ್‌ಶೀಟಿನ ಮ್ಯಾಲ ಬಿದ್ದಿತ್ತು,
ಯಾರೋ ಕುಂತು ಉಗುರು ಕತ್ತರಿಸಿ ಚೆಲ್ಲಿದಂಗ.
ಬಿಸಿಲು ಹಳೇ ಹಿತ್ತಾಳಿ ಬಣ್ಣಕ್ಕ ತಿರುಗಿತು.
ಪಾರಿವಾಳ ಗೂಡಿಗೆ ಬಂದ್ವು.
ಮೂರು ಮಂದಿ ಇನ್ನೂ ಬಾಕಿ ಕೊಡೋದಿತ್ತು,
ಕತ್ತಲಾಗ ಇಳಿದು ಹೋದ್ರ? ಅಂತ
ಬಾಗಿಲಕ್ಕ ಬೆನ್ನು ಹಚ್ಚಿ ನಿಂತೆ.

ಮರಳಿನ ಕಡಿಂದ ಬಂತು, ಸಪ್ಪಳಿಲ್ಲದ ಗೂಡ್ಸ್ ಗಾಡಿ.
ಮಂದಿ ಒಮ್ಮೆಲೇ ಒದರಿ, ಒಮ್ಮೆಲೇ ಸುಮ್ಮನಾದ್ರು.
ನಾ ಕಣ್ಣು ಮುಚ್ಚಿದೆ, ಅವ್ವನ ಹಂಗ.

ಹಿಸಾಯೆ ಬಂದು ನನ್ನ ಗದ್ದ ಹಿಡಿದು ಮ್ಯಾಲ ಎತ್ತಿದ್ಲು.
ಕನ್ನಡಕ ಇಲ್ಲ, ಅಂತ ಕೈ ಮಾಡಿದೆ.
ಆಕಿ ತನ್ನದೂ ತೆಗೆದು ಚೀಲದಾಗ ಹಾಕಿದ್ಲು.
ಈಗ ಬೇಕಾಗಿಲ್ಲ. ಈಗ ಹಂಗೇ.
ಮಾರೋ ಮಾಲು ಏನಂತ
ಮಾರಾವನಿಗೇ ಗೊತ್ತಿರಲಿಲ್ಲ.

ಕರೀದೊಂದು. ಸುತ್ತ ಬಿಳೀ ಕೂದಲು ಬಿಚ್ಚಿ ಹಾಕಿದಂಗ.
ನಡು ಹಗಲಾಗ ಶುಕ್ರ.
ಬೀಗದ ತೂತಿಗೆ ಕಣ್ಣು ಹಚ್ಚಿದ್ರ ಒಳಗ ಇರ್ತದಲ್ಲ,
ಆ ಕಪ್ಪು.
ಎಷ್ಟು ಹೊತ್ತು ನೋಡಿದೆನೋ. ಎಣಿಸಿದ್ರ ರಿಯಾಲ್ ಆಗ್ತಿತ್ತು,
ಎಣಿಸಲಿಲ್ಲ.

ಬೆಳಕು ಬಂತು. ಮಂದಿ ಅತ್ರು, ತಬ್ಬಿಕೊಂಡ್ರು,
ಮುಜಮ್ಮಿಲನ ಸಮೋಸಾ ತಿಂದ್ರು, ಇಳಿದು ಹೋದ್ರು.
ಮೂವರಾಗ ಇಬ್ಬರು ಬಾಕಿ ಕೊಟ್ರು.

ಗಿರಾಣ ಬಿಟ್ಟ ಮ್ಯಾಲ ಮೈ ತೊಳೀಬೇಕಲ್ಲ, ನಳ ತಿರುವಿದೆ.
ಬುಸ್ ಅಂತ ಗಾಳಿ.
ಎರಡೂ ಟಾಕಿ ಬರಿದು ಮಾಡಿ ಹೋಗಿದ್ರು.
ಟ್ಯಾಂಕರಿನವಗ ಫೋನ್ ಹಚ್ಚಿದೆ.
ಇವತ್ತು ಡಬಲ್ ರೇಟು, ಅಂದ,
ಊರ ತುಂಬ ಮಂದಿ ಬಂದಾರಲ್ಲ.
ಇಬ್ಬರೂ ನಕ್ವಿ.
ಮುನ್ನೂರಾ ಇಪ್ಪತ್ತು, ನನ್ನ ಪಾಲಿನಾಗಿಂದ.

ಅವ ಬರೋತನಕ ಬೆವರು ಮೈಯಾಗೇ ಕುಂತು
ಬೆಡ್‌ಶೀಟು ಒಂದೊಂದೇ ಮಡಚಿದೆ.
ಬಿಡಿಸಿ ನೋಡಿ ಮಡಚಿದೆ.
ಉಗುರಿನ ಗುರುತು ಒಂದೂ ಇರಲಿಲ್ಲ.