ಗೇಟಿನ ಇಂಗ್ಲಿಷು

ರಾತ್ರಿ ಹನ್ನೊಂದಕ್ಕ ಪಾಟೀಲ ಸಾಹೇಬರ ಕಾರು ಬಂತು.
ಗೇಟು ತಗದು, ಕೈ ಎತ್ತಿ
‘ಗುಡ್ ನೈಟ್ ಸಾಬ್’ ಅಂದೆ.
ಹಿಂದಿನ ಸೀಟಿನ್ಯಾಗ ಸಾನಿಕಾ ಕಿಸಕ್ಕನ ನಕ್ಕಳು.

ಮರುದಿನ ಸೈಕಲ್ಲಿಗೆ ಗಾಳಿ ಹೊಡಸ್ಕೋತ
ತಿಳಿಸಿ ಹೇಳಿದಳು:
ಕಾಕಾ, ನೈಟು ಹೋಗಾವ್ರಿಗೆ.
ಬರಾವ್ರಿಗೆ, ಎಷ್ಟ ಹೊತ್ತಾಗಿರ್ಲಿ,
ಈವನಿಂಗು.

ಹನ್ನೊಂದಕ್ಕ ಎಲ್ಲಿ ಸಂಜಿ?
ಕೋಥರೂಡಿನ ಹೂವಿನಾಕಿ
ಬುಟ್ಟಿ ಬೋರಲ ಹಾಕಿ ಎರಡ ತಾಸಾಗಿರ್ತದ.
ಆ ಭಾಷೆಯೊಳಗ ರಾತ್ರಿಗೆ
ಹೊರಗ ಹೋಗೂ ಬಾಗಲಾ ಒಂದ ಐತೇನು?
ಎಂಟರಿಂದ ಎಂಟರ ತನಕ
ನಾ ಕುಂತ ಈ ಪ್ಲಾಸ್ಟಿಕ್ ಕುರ್ಚಿ
ಯಾವ ಹೊತ್ತಿನ್ಯಾಗ ಐತಿ?

ಇರ್ಲಿ. ಕಲತೆ.
ಹತ್ತಕ್ಕ ಡ್ಯೂಟಿಗೆ ಹೊಂಟ ನರ್ಸಬಾಯಿ ವೃಷಾಲಿಗೆ
ಬರೋಬ್ಬರಿ ‘ಗುಡ್ ನೈಟ್’ ಅಂದೆ.
ಹೊಂಟಾಕಿ ಅಲ್ಲೇನು?
ಆಕಿ ಹೆಲ್ಮೆಟ್ಟಿನ ಗಾಜು ಎತ್ತಿ
‘ನಿದ್ದಿ ಯಾರಿಗೈತಿ ಕಾಕಾ, ನಿನಗೋ ನನಗೋ?’
ಅಂತ ಕೇಳಿ, ಗಾಡಿ ಚಾಲೂ ಮಾಡಿ
‘ಯೇತೇ’ ಅಂದಳು.

ಯೇತೇ. ಬರ್ತೀನಿ.
ಹೋಗೂ ಮುಂದ
ನಮ್ಮ ಸಿಂದಗಿಯೊಳಗೂ ಹಂಗ ಅಂತೀವಿ.

ಬಾ ಯವ್ವಾ, ಅಂದೆ, ಕನ್ನಡದಾಗ.
ಆಕಿ ಗಾಡಿ ತಿರುವಿನ್ಯಾಗ ಕಾಣದಾತು.
ಚಿಲಕದ ನೆನಪು
ಆಮ್ಯಾಲೆ ಬಂತು.