ನಿಶಿಗಾಕಿ

ಮೊದಲ ಸಲ ಆ ಹೆಸರು ಕಿವಿಗೆ ಬಿದ್ದಾಗ
ಯಾರೋ ಹೆಣಮಗಳು ಅನಕೊಂಡೆ.
ಮಾಡಾಕಿ, ನೋಡಾಕಿ, ನೀರು ತರಾಕಿ ಇದ್ದಂಗ
ನಿಶಿಗಾಕಿ.
ರಾತ್ರಿ ಪಾಳಿಗೆ ಬರಾಕಿ ಇರಬೇಕು, ನನ್ನಂಗ.

ಉದ್ಯಮಬಾಗದ ಫೌಂಡ್ರಿ. ಕ್ಯಾಂಟೀನಿನ ಗ್ವಾಡಿಗೆ ಟೀವಿ,
ಟೀವಿ ತುಂಬ ಮಸಿ.
ಟರ್ನರ್ ಬಾಳೇಶ ಗುರವ ಬೆರಳಿಲೆ ಒರಸಿ ತೋರಿಸಿದ:
ಆಕಿ ಅಲ್ಲಬೇ ಯವ್ವಾ, ಅಂವ. ಜಪಾನಿನಾಂವ.
ಅಗಾ, ಹಳದಿ ಹೆಲ್ಮೆಟ್ಟು. ಹದಿಮೂರನೇದು.

ಹದಿಮೂರನೇದು!
ಮುಂದಿನ ಹನ್ನೆರಡು ಮಂದೀನ ಬಿಟ್ಟು
ಇಡೀ ಕ್ಯಾಂಟೀನು ಆ ಹಳದಿ ಚುಕ್ಕಿ ಬೆನ್ನ ಹತ್ತಿತ್ತು,
ಕಪ್ಪಿನ್ಯಾಗ ಚಾ ಕೆನಿಗಟ್ಟಿತ್ತು.

ದೋಣಿ ಇಂಜಿನ್ ರಿಪೇರಿ ಮಾಡಾಂವನ ಮಗ,
ಹತ್ತೊಂಬತ್ತಕ್ಕ ಸ್ಟೇರಿಂಗ್ ಹಿಡದಾಂವ
(ಉಳದಾವರು ಹಾಲಹಲ್ಲಿನ್ಯಾಗ ಹಿಡದಿರತಾರಂತ),
ಹನ್ನೊಂದು ವರ್ಷ, ನೂರಾ ನಲವತ್ತಮೂರು ರೇಸು,
ಒಮ್ಮೆನೂ ಮೊದಲ ಬರಲಿಲ್ಲ.
ಎಲ್ಲಾ ಬಾಳೇಶಗ ಬಾಯಿಪಾಠ,
ಲಗ್ನದ ತಾರೀಖು ಮಾತ್ರ ಕೇಳಬ್ಯಾಡ್ರಿ.

ಗೆಲ್ಲದಾಂವನ ಮ್ಯಾಲೆ ಇಷ್ಟ್ಯಾಕ ಜೀವ, ಕೇಳಿದೆ.
ಭಟ್ಟಿ ಕಾಯೂ ಇಸಾಕಣ್ಣ ಬೀಡಿ ಆರಿಸಿ ಅಂದ:
ಬಾಗಲಾ ತೆರದಿದ್ರ ಯಾರರೆ ಹೊಗತಾರ.
ಅಂವ ಸಂದಿ ನೋಡಿ ಹೊಗತಾನ.

ಸಂದಿ ನನಗ ಗೊತ್ತು.
ನಾ ಗೇಜ್ ಹಿಡಿಯಾಕಿ.
ಗೇರಿನ ಹಲ್ಲಿಗೆ ಹಲ್ಲು ಕುಂಡರೂವಾಗ
ಕೂದಲೆಳಿ ಅರ್ಧದಷ್ಟು ಹೆಚ್ಚುಕಡಿಮಿ ಆದ್ರ
ಕೆಂಪು ಗೀರ ಹಾಕಿ ಬುಟ್ಟಿಗೆ ಒಗಿಯಾಕಿ.
ಆವತ್ತಿಂದ ಅಂವ ತೂರೂ ಸಂದೀನೂ
ಕುಂತಲ್ಲೇ ಕಣ್ಣಿಲೆ ಅಳೀತಿದ್ದೆ.

ಊರಾಗ ಅದೊಂದು ಮಾತಾತು.
ಮೂರನೇ ಗೇಟು ಬಿದ್ದಾಗ ಟ್ರಕ್ಕಿಗೂ ಕಂಬಕ್ಕೂ ನಡಕ
ಯಾವನರೆ ಸೈಕಲ್ ತೂರಿಸಿದ್ರ ಮುಗೀತು:
ಹೊಡದಾ ನೋಡ್ ನಿಶಿಗಾಕಿ!
ಕನ್ನಡದಾವರೂ ಅಂದ್ರು, ಮರಾಠಿಯವರೂ ಅಂದ್ರು.
ಬೋರ್ಡಿನ ಒಂದು ಅಕ್ಷರಕ್ಕ ಕಲ್ಲು ಎತ್ತಿದ ಊರು
ಈ ಮಾತು ಯಾರದು ಅಂತ ಕೇಳಲಿಲ್ಲ.
ಖಾನಾಪುರ ರೋಡಿನ ರೇಡಿಯಂ ಅಂಗಡಿಯಾಂವ
ಒಂದು ರಿಕ್ಷಾದ ಹಣಿಮ್ಯಾಲೆ ಕತ್ತರಿಸಿ ಹಚ್ಚಿದ:
ಶ್ರೀ ನಿಶಿಗಾಕಿ ಪ್ರಸನ್ನ.
ನಂದಗಡದ ಮುದುಕಿ ಒಬ್ಬಾಕಿ ಹತ್ತೂ ಮೊದಲ ಕೈಮುಗದು
ಯಾವ ಊರ ತಾಯೀಪಾ, ಅಂದಳು.

ಅವನ ದೇಶದ ರೇಸು ನಮಗ ಮುಂಜಾನಿ.
ಪಾಳಿ ಮುಗದಿತ್ತು, ಯಾರೂ ಮನಿಗೆ ಹೋಗಲಿಲ್ಲ.
ಅಲ್ಲಿ ಮಳಿ. ಚಕ್ರ ಎಬ್ಬಿಸಿದ ನೀರಾಗ
ಹಳದಿ ಕಾಣತಿತ್ತು, ಹೋಗತಿತ್ತು, ಕಾಣತಿತ್ತು.
ನಾವು ಕೂಗಿದ ಕೂಗಿಗೆ
ಕುದಿಯೂ ಕಬ್ಬಿಣ ಉಚ್ಚಿತೇನೋ ಅಂತ ಸೂಪರವೈಜರ್ ಓಡಿ ಬಂದ.
ಯಾರಿಗೇನಾತು?
ಏನಿಲ್ರಿ ಸಾಹೇಬ್ರ.
ಮೂರನೇ ಬಂದ.

ಕಡೀ ರೇಸಿನ್ಯಾಗ ಗೇರು ಕೈಕೊಟ್ಟಿತು.
ಹುಲ್ಲಿನ ಮ್ಯಾಲೆ ಗಾಡಿ ನಿಂತಿತು.
ಇಳದು, ಅದರ ಮೂಗಿನ ಮ್ಯಾಲೆ ಅಂಗೈ ಇಟ್ಟ,
ಬೈದ ಮಗಳನ್ನ ಆಮ್ಯಾಲೆ ಮುಟ್ಟತಾರಲ್ಲ, ಹಂಗ.
ಬಾಳೇಶ ಟೀವಿ ಆರಿಸಿದ.
ಮನಿಗೆ ಹೋದೆ, ರೊಟ್ಟಿ ಮುರದೆ, ಗಂಟಲಾಗ ಇಳೀಲಿಲ್ಲ.
ಅಲ್ಲೂ ಒಬ್ಬಾಕಿ ಇರಬೇಕು ಗೇಜ್ ಹಿಡಿಯಾಕಿ.
ನಸುಕಿನ ಯಾವ ನಿದ್ದಿಗಣ್ಣಿಲೆ
ಆ ಒಂದು ಹಲ್ಲು ಪಾಸು ಮಾಡಿದಳೋ.
ಆಕಿ ಹೆಸರು ಯಾವ ಟೀವಿ ಹೇಳೀತು?
ಆವತ್ತು ಉಂಡಳೋ ಇಲ್ಲೋ.

ಈಗಿನ ಹುಡುಗೂರಿಗೆ ಅಂವ ಗೊತ್ತಿಲ್ಲ.
ಹತ್ತರ ಸೈರನ್ನಿಗೆ ನಾ ಗೇಟ ದಾಟಿದ್ರ
ನಿಶಿಗಾಕಿ ಬಂದಳು, ಅಂತಾರ.
ರಾತ್ರಿ ಪಾಳಿಯಾಕಿ ಅಂತ ಅದರ ಅರ್ಥ ತಿಳದಾರ.

ನಾ ತಿದ್ದೂದಿಲ್ಲ.
ಗೇಜ್ ಒರಸತೀನಿ,
ಮೊದಲನೇ ಗೇರು ಬೆಳಕಿಗೆ ಹಿಡೀತೀನಿ.